ಕೈ ಚಾಲೂ ಐತೇನಕ್ಕಾ?

ಡ್ರೈವರ್ ಮಾವನ ಎರಡು ಕೈಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಒಬ್ಬನೇ ಮನುಷ್ಯನವು ಎಂದು ಯಾರೂ ಹೇಳುತ್ತಿರಲಿಲ್ಲ. ಬಲಗೈ ಮೊಣಕೈಯವರೆಗೂ ಸುಟ್ಟ ಹಂಚಿನ ಬಣ್ಣ. ಎಡಗೈ ನೆರಳಲ್ಲೇ ಬೆಳೆದದ್ದು, ಯಾರೋ ಅಂಗಡಿಯವರ ಕೈ ಇದ್ದಂತೆ. ಆಯುಷ್ಯವೆಲ್ಲ ಬಲಗೈಯನ್ನು ಕಿಟಕಿಯ ಮೇಲಿಟ್ಟುಕೊಂಡು ಗಾಡಿ ಓಡಿಸಿದ್ದರಿಂದ ನಮ್ಮ ಕಡೆಯ ಬಿಸಿಲು ಆ ಒಂದೇ ಕೈಯನ್ನು ತಿಂದಿತ್ತು.

ಆ ಚಳಿಗಾಲದ ಬೆಳಿಗ್ಗೆ ಆ ಎರಡು ಕೈಗಳೂ ಸ್ಟೇರಿಂಗಿನ ಮೇಲೆ ಸುಮ್ಮನೆ ಬಿದ್ದಿದ್ದವು. ಸಿರುಗುಪ್ಪದ ನಮ್ಮ ಓಣಿಯ ಬಾಯಲ್ಲಿ ಬಿಳಿ ವ್ಯಾನು ನಿಂತಿತ್ತು. ಒಳಗೆ ನನ್ನ ಅವ್ವ, ಅವಳ ಪಕ್ಕದಲ್ಲಿ ನಾನು, ಹಿಂದೆ ಮಫ್ಲರ್ ಸುತ್ತಿಕೊಂಡ ಮಿಲ್ಲಿನ ತಾತ. ಡ್ರೈವರ್ ಸೀಟಿನ ಹಿಂದಿನ ಕಿಟಕಿ ಪಕ್ಕದ ಜಾಗ ಮಾತ್ರ ಖಾಲಿ. ಮಾವ ಕೀ ತಿರುಗಿಸಿದ. ಬಾನೆಟ್ಟಿನ ಒಳಗಿನಿಂದ 'ಟಕ್' ಎಂದು ಒಂದು ಸದ್ದು ಬಂತು. ಮತ್ತೆ ತಿರುಗಿಸಿದ. ಮತ್ತದೇ 'ಟಕ್'. ಅವ್ವ ಬಾಯಿ ತೆರೆದು ಉಸಿರು ಎಳೆಯುತ್ತಿದ್ದಳು. ಬಳ್ಳಾರಿಯಲ್ಲಿ ಅವಳಿಗಾಗಿ ಒಂದು ಹಾಸಿಗೆ, ಒಂದು ಯಂತ್ರ ಕಾಯುತ್ತಿತ್ತು, ಮತ್ತು ಅದು ಬಹಳ ಹೊತ್ತು ಕಾಯುವಂಥದ್ದಲ್ಲ.

ಮುಂದಿನದನ್ನು ಹೇಳುವ ಮೊದಲು ಮಾವ ಎಂಥವನೆಂದು ಹೇಳಬೇಕು. ಇಲ್ಲದಿದ್ದರೆ ಅವತ್ತು ಆದದ್ದು ಬರೀ ಬ್ಯಾಟರಿಯ ಕಥೆಯಾಗಿಬಿಡುತ್ತದೆ.

ಮಾವ ನಮಗೆ ರಕ್ತಸಂಬಂಧಿಯಲ್ಲ. ಅವ್ವನನ್ನು ಮೊದಲ ದಿನವೇ "ಅಕ್ಕಾ" ಎಂದು ಕರೆದ, ನನಗೆ ಮಾವನಾದ. ಮೊದಲು ರೈಸ್ ಮಿಲ್ಲಿನ ಲಾರಿ ಓಡಿಸುತ್ತಿದ್ದ, ದೇಶನೂರು ಕಡೆಯ ಗದ್ದೆಗಳಿಂದ ನೆಲ್ಲು ತುಂಬಿಕೊಂಡು ಬರುತ್ತಿದ್ದವ. ಆಮೇಲೆ ಒಂದು ಹಳೆಯ ವ್ಯಾನು ಕೊಂಡ. ಕಿಡ್ನಿ ಕೈಕೊಟ್ಟವರನ್ನು ವಾರಕ್ಕೆ ಮೂರು ಸಲ ಬಳ್ಳಾರಿಯ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದೊಯ್ದು, ತಿರುಗಿ ಮನೆ ಬಾಗಿಲಿಗೆ ತಂದು ಇಳಿಸುವುದು ಅವನ ಕೆಲಸವಾಯಿತು. ನಮ್ಮ ಜನ ಅದನ್ನು 'ರಕ್ತ ತೊಳಸಾಕ ಹೋಗೋದು' ಅನ್ನುತ್ತಾರೆ. ಬೆಳಕು ಹರಿಯುವ ಮುಂಚೆ ಹೊರಟು, ಕುರುಗೋಡಿನ ಒಳಗೆ ಹೊಕ್ಕು, ಕೊಳಗಲ್ಲು ದಾಟಿ ಬಳ್ಳಾರಿ ಸೇರುವ ಆ ದಾರಿಯ ಪ್ರತಿಯೊಂದು ಹಂಪು ಅವನ ಸೊಂಟಕ್ಕೆ ಗೊತ್ತಿತ್ತು.

"ಹೋಗಾಕ ಅವಸರ, ಬರಾಕ ನಿಧಾನ" ಎಂದು ಅವನೇ ಒಂದು ಮಾತು ಕಟ್ಟಿಕೊಂಡಿದ್ದ. ಹೋಗುವಾಗ ಓಡಿಸುತ್ತಿದ್ದ. ಬರುವಾಗ ಮಾತ್ರ ಹಿಂದೆ ಬಂದ ಲಾರಿಗಳು ಹಾರ್ನ್ ಹೊಡೆದು ಹೊಡೆದು ಬೈದು ಮುಂದೆ ಹೋಗುತ್ತಿದ್ದವು. ಒಮ್ಮೆ ನಾನೇ ಕೇಳಿದೆ, "ಮಾವಾ, ಸಂಜಿ ಆಗಾಕತ್ತೈತಿ, ಸ್ವಲ್ಪ ಒತ್ತಬಾರ್ದಾ?"

"ನೆಲ್ಲಿನ ಚೀಲ ಅಲುಗಾಡಿದ್ರ ನೆಲ್ಲು ಅಳೋದಿಲ್ಲ ತಂಗಿ. ಇವ್ರನ್ನ ಈಗ ನೋಡು, ಹಿಂಡಿ ಹಾಕಿದ ಬಟ್ಟಿ ಆಗ್ಯಾರ. ಒಂದು ಕುಣಿಗೆ ಇಳಿಸಿದ್ರೂ ಹೊಟ್ಟಿ ಬಾಯಿಗೆ ಬರತೈತಿ."

ಡಯಾಲಿಸಿಸ್ ಮಾಡಿಸಿಕೊಳ್ಳುವವರ ಕೈಯಲ್ಲಿ ಸಣ್ಣ ಆಪರೇಷನ್ ಮಾಡಿ ಎರಡು ರಕ್ತನಾಳಗಳನ್ನು ಜೋಡಿಸಿರುತ್ತಾರೆ. ಸೂಜಿ ಚುಚ್ಚುವುದು ಅಲ್ಲಿಯೇ. ಅದರ ಮೇಲೆ ಅಂಗೈ ಇಟ್ಟರೆ ಒಳಗೆ ಗುಂಯ್ ಎಂದು ನಡುಗುವುದು ತಿಳಿಯುತ್ತದೆ. ನಡುಕವಿದ್ದರೆ ರಕ್ತ ಓಡುತ್ತಿದೆ ಎಂದರ್ಥ. ನಿಂತಿದ್ದರೆ ಅಷ್ಟು ದೂರ ಹೋಗಿಯೂ ಉಪಯೋಗವಿಲ್ಲ, ಮೊದಲು ದೊಡ್ಡ ಡಾಕ್ಟರನ್ನೇ ಕಾಣಬೇಕು. ದಿನಾ ಬೆಳಿಗ್ಗೆ ಮುಟ್ಟಿ ನೋಡಿಕೊಳ್ಳಿ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಅವ್ವ ಮರೆಯುತ್ತಿದ್ದಳು, ಮಾವ ಮರೆಯುತ್ತಿರಲಿಲ್ಲ. ಕೀ ತಿರುಗಿಸುವ ಮುನ್ನ ಹಿಂದಕ್ಕೆ ತಿರುಗಿ ಒಬ್ಬೊಬ್ಬರನ್ನೇ ಕೇಳುತ್ತಿದ್ದ.

"ಕೈ ಚಾಲೂ ಐತೇನಕ್ಕಾ?"

ಅವ್ವ ಎಡಗೈಯ ಮೇಲೆ ಬಲ ಅಂಗೈ ಇಟ್ಟು, ಕಣ್ಣು ಮುಚ್ಚಿ, "ಐತಪ್ಪ" ಅನ್ನುವಳು.

"ತಾತಾ, ನಿಂದು?"

"ನಂದು ಮಿಲ್ಲಿನ ಮೋಟರ್ ಇದ್ದಂಗ ಐತಿ ನಾಯನಾ. ನಿನ್ನ ಗಾಡಿ ಕತಿ ನೋಡ್ಕೊ."

ಎಲ್ಲರೂ ಹ್ಞೂಂಗುಟ್ಟಿದ ಮೇಲೆಯೇ ಗಾಡಿ ಚಾಲೂ ಆಗುತ್ತಿತ್ತು.

ಅವನ ಇನ್ನೊಂದು ಅಭ್ಯಾಸ ನನ್ನ ಕಣ್ಣಿಗೆ ಬೀಳಲು ಒಂದು ಬೇಸಿಗೆಯೇ ಬೇಕಾಯಿತು. ಈ ರೋಗಿಗಳಿಗೆ ನೀರು ಅಳತೆಯ ಮೇಲೆ. ದಿನವಿಡೀ ಒಂದೆರಡು ಲೋಟ, ಅದೂ ಗುಟುಕು ಗುಟುಕಾಗಿ. ಬಳ್ಳಾರಿಯ ಏಪ್ರಿಲ್ ತಿಂಗಳಲ್ಲಿ ಅದೆಂಥ ಹಿಂಸೆ ಎಂದು ನೋಡಿದವರಿಗೇ ಗೊತ್ತು. ಅವ್ವ ತುಟಿಗೆ ಒದ್ದೆ ಬಟ್ಟೆ ಒತ್ತಿಕೊಂಡು ಕೂತಿರುತ್ತಿದ್ದಳು. ಮಾವ ವ್ಯಾನಿನಲ್ಲಿ ಎಂದೂ ನೀರಿನ ಬಾಟಲಿ ಇಟ್ಟವನಲ್ಲ. ಇವನಿಗೆ ನೀರಡಿಕೆಯೇ ಆಗುವುದಿಲ್ಲವೇನೋ ಎಂದುಕೊಂಡಿದ್ದೆ. ಒಂದು ಮಧ್ಯಾಹ್ನ ಔಷಧಿ ಅಂಗಡಿಗೆ ಹೋದಾಗ ಕಂಡೆ: ಆಸ್ಪತ್ರೆಯ ಹಿಂದಿನ ಗೋಡೆಯ ಮರೆಯಲ್ಲಿ, ನಲ್ಲಿಗೆ ಬಾಯಿ ಹಚ್ಚಿ, ಎತ್ತು ಕುಡಿದಂತೆ ಕುಡಿಯುತ್ತಿದ್ದ. ನನ್ನನ್ನು ನೋಡಿ ಬಾಯಿ ಒರೆಸಿಕೊಂಡ. "ಅಕ್ಕಗ ಹೇಳಬ್ಯಾಡ" ಅಂದ. ಕದ್ದು ಸೇದುತ್ತ ಸಿಕ್ಕಿಬಿದ್ದವನ ಮುಖ ಅವನದು.

ವ್ಯಾನಿನಲ್ಲಿ ಎಲ್ಲರಿಗಿಂತ ಹೆಚ್ಚು ಸೆಖೆಯಾಗುತ್ತಿದ್ದದ್ದು ಕುರುಗೋಡು ದೊಡ್ಡಮ್ಮನಿಗೆ. ಕುರುಗೋಡಿನ ಗುಡ್ಡದ ಬುಡದಲ್ಲಿ ಅವಳ ಮನೆ. ತುಂಬು ಮೈ, ಹಣೆ ತುಂಬ ವಿಭೂತಿ, ಇಳಿವಯಸ್ಸಿನಲ್ಲೂ ಗಟ್ಟಿ ಕಂಠ. ಡ್ರೈವರ್ ಸೀಟಿನ ಹಿಂದಿನ ಕಿಟಕಿ ಪಕ್ಕದ ಜಾಗ ಅವಳದು. ಡಯಾಲಿಸಿಸ್ ಬೇಗ ಮುಗಿದವರು ಉಳಿದವರಿಗಾಗಿ ವ್ಯಾನಿನಲ್ಲೇ ಕಾಯಬೇಕಿತ್ತು. ಆಗ ಗಾಡಿ ಬಂದ್ ಆಗಿರುತ್ತಿತ್ತು, ಕೀ ಮಾವನ ಜೇಬಿನಲ್ಲಿ. ದೊಡ್ಡಮ್ಮ ಸೆರಗಿನಿಂದ ಗಾಳಿ ಹಾಕಿಕೊಂಡು ಒದ್ದಾಡುತ್ತಿದ್ದಳು. ಅದನ್ನು ನೋಡಲಾರದೆ ಮಾವ ಎಲ್ಲಿಂದಲೋ ಒಂದು ಪುಟ್ಟ ಫ್ಯಾನು ತಂದು ತನ್ನ ಸೀಟಿನ ಬೆನ್ನಿಗೆ, ಅವಳ ಮುಖದೆದುರಿಗೆ ಬರುವಂತೆ ಬಿಗಿದ. ಕೀ ಇಲ್ಲದಿದ್ದರೂ ತಿರುಗಬೇಕಲ್ಲ, ಅದಕ್ಕೆ ವೈರನ್ನು ನೇರ ಬ್ಯಾಟರಿಗೇ ಎಳೆದ. ಆ ಫ್ಯಾನಿನ ಜಾಲರಿ ಒಂದು ಕಡೆ ಮುರಿದಿತ್ತು. ತಿರುಗಿದರೆ ಕರ್ ಕರ್ ಎಂದು ಇಡೀ ವ್ಯಾನಿಗೆ ಕೇಳುತ್ತಿತ್ತು.

"ಲೇ ಡ್ರೈವರಾ, ನಿನ್ನ ಫ್ಯಾನು ಗಾಳಿಕಿಂತ ಮಾತು ಹೆಚ್ಚು ಬೀಸತೈತಿ."

"ನಿನ್ನ ಎದುರಿಗಿಟ್ಟೀನಲ್ಲ ದೊಡ್ಡಮ್ಮ, ಮಾತು ಕಲ್ತೈತಿ."

ದೊಡ್ಡಮ್ಮ ಹೊಟ್ಟೆ ಕುಲುಕಿಸಿ ನಗುತ್ತಿದ್ದಳು. ಬರುವ ದಾರಿಯಲ್ಲಿ ಮಾತ್ರ ಅವಳಿಗೂ ಚಳಿ ಹತ್ತುತ್ತಿತ್ತು. ಡಯಾಲಿಸಿಸ್ ಆದ ಮೇಲೆ ಬಿಸಿಲಲ್ಲೂ ಮೈ ನಡುಗುವುದುಂಟು. ಆಗ ಫ್ಯಾನು ಬಂದ್ ಮಾಡಿ, ತಾನೇ ಹಳೇ ಸೀರೆಗಳಿಂದ ಹೊಲಿದ ಕೌದಿಯನ್ನು ಹೊದ್ದುಕೊಂಡು ಕಣ್ಣು ಮುಚ್ಚುತ್ತಿದ್ದಳು.

ಆ ವರ್ಷದ ದಸರಾ ಆದ ಮೇಲೆ ದೊಡ್ಡಮ್ಮ ತೀರಿಕೊಂಡಳು. ವ್ಯಾನಿನಲ್ಲಲ್ಲ, ಆಸ್ಪತ್ರೆಯಲ್ಲಲ್ಲ, ತನ್ನ ಮನೆಯ ಪಡಸಾಲೆಯಲ್ಲಿ, ಮಲಗಿದಲ್ಲಿಯೇ. ದಿವಸದ ಕಾರ್ಯ ಮುಗಿದ ಮೇಲೆ ಅವಳ ಮಗ ರಸ್ತೆಗೆ ಬಂದು ವ್ಯಾನು ನಿಲ್ಲಿಸಿ ಆ ಕೌದಿಯನ್ನು ಮಾವನ ಕೈಗಿಟ್ಟ. "ಇದು ಗಾಡಿಯಾಗಽ ಇರ್ಲಿ, ಚಳಿ ಆದವ್ರು ಹೊದ್ಕೊಳ್ಳಿ ಅಂತ ಅವ್ವ ಹೇಳಿದ್ಳು" ಅಂದ. ಮಾವ ಇಳಿದು ಹಿಂದೆ ಬಂದು, ಕೌದಿಯನ್ನು ತನ್ನ ಸೀಟಿನ ಬೆನ್ನಿನ ಮೇಲೆ ಇಳಿಬಿಟ್ಟು, ಸುಕ್ಕಿಲ್ಲದಂತೆ ಎಳೆದು, ಅಂಚುಗಳನ್ನು ಎರಡೂ ಕಡೆ ಸಂದಿಗೆ ಒತ್ತಿ ತುರುಕಿದ. ಮಲಗಿದ ಕೂಸಿಗೆ ಹೊದಿಸುವ ಹಾಗೆ. ಫ್ಯಾನು ಅದರ ಹಿಂದೆ ಮುಚ್ಚಿಹೋಯಿತು.

ಅಂದಿನಿಂದ ಆ ಸೀಟಿನಲ್ಲಿ ಯಾರೂ ಕೂರಲಿಲ್ಲ. ಕೂರಬಾರದೆಂದು ಯಾರೂ ಹೇಳಿರಲಿಲ್ಲ. ಹೋದವರ ಹೊದಿಕೆ, ವರ್ಷ ಕಳೆಯದೆ ಮುಟ್ಟುವುದು ಹೇಗೆ ಎಂದು ನಮ್ಮನಮ್ಮಲ್ಲೇ ಅಂದುಕೊಂಡೆವು. ಅವ್ವನಿಗೆ ಬರುವಾಗ ಎಷ್ಟೇ ಚಳಿಯಾದರೂ ನನ್ನ ದುಪಟ್ಟಾ ಹೊದ್ದಳೇ ಹೊರತು ಅದನ್ನು ಕೇಳಲಿಲ್ಲ. ಕುರುಗೋಡಿನಲ್ಲಿ ಹತ್ತಿ ಇಳಿಯುವವರು ಯಾರೂ ಇಲ್ಲದಿದ್ದರೂ ಮಾವ ಬರುವಾಗ ಊರೊಳಗೆ ತಿರುಗಿಸಿಯೇ ಬರುತ್ತಿದ್ದ. ತಾತ ಕೆಣಕಿದರೆ, "ಈ ದಾರಿ ಚಲೋ ಐತಿ" ಅನ್ನುತ್ತಿದ್ದ. ಅದು ಸುಳ್ಳು. ಆ ದಾರಿಯ ತುಂಬ ಕುಣಿಗಳು, ಒಂದೊಂದನ್ನೂ ತಪ್ಪಿಸಿಕೊಂಡು ನಡೆದಷ್ಟು ನಿಧಾನಕ್ಕೆ ತರುತ್ತಿದ್ದ.

ವ್ಯಾನು ಬೆಳಿಗ್ಗೆ ಚಾಲೂ ಆಗದೆ ಕಾಡತೊಡಗಿದ್ದು ಆಗಲೇ. ಮೊದಮೊದಲು ತಳ್ಳಿ ಎಬ್ಬಿಸಿದೆವು. ಹಾಲಿನವನು, ಪೇಪರ್ ಹಾಕುವವನು, ಓಣಿಯಲ್ಲಿ ಸಿಕ್ಕವರೆಲ್ಲ ಕೈ ಹಚ್ಚಿದರು. ಬ್ಯಾಟರಿ ಹಳತಾಯಿತೆಂದು ಮಾವ ಹೊಸದನ್ನೇ ಹಾಕಿಸಿದ. ಒಂದೆರಡು ಸಲ ನೆಟ್ಟಗೆ ಎದ್ದ ಗಾಡಿ ಮತ್ತೆ ಮಲಗಿತು. ಬ್ಯಾಟರಿ ಅಂಗಡಿ ಭಾಯ್ ನೋಡಿ, "ಬ್ಯಾಟ್ರಿ ಚಲೋ ಐತಿ ಅಣ್ಣಾ, ಹಗಲೆಲ್ಲ ತುಂಬಿದ್ದನ್ನ ಗಾಡಿ ನಿಂತಾಗ ಯಾವ್ದೋ ಕುಡಿಯಾಕತ್ತೈತಿ" ಅಂದ. ಏನು ಕುಡಿಯುತ್ತಿದೆ ಎಂದು ಹುಡುಕಲು ಪುರಸೊತ್ತಾಗಿ ಬಾ ಅಂದ. ಮಾವನಿಗೆ ಪುರಸೊತ್ತೆಲ್ಲಿತ್ತು? ನಾವು ಹೋಗದ ದಿನಗಳಲ್ಲಿ ಬೇರೆ ರೋಗಿಗಳ ಸರದಿ.

ಮಿಲ್ಲಿನ ತಾತನ ಬಾಯಿ ಸುಮ್ಮನಿರಲಿಲ್ಲ. "ಆಯಮ್ಮ ಹೋದಾಗಿಂದ ಗಾಡಿ ಹಿಂಗಾಗೈತಿ. ಸೀಟು ಬಿಟ್ಟು ಹೋಗಾಕ ಮನಸಿಲ್ಲ ಆಕಿಗೆ" ಎಂದು ಒಂದು ದಿನ ಅಂದೇಬಿಟ್ಟ. ಮಾವ ಕನ್ನಡಿಯಲ್ಲೇ ಅವನನ್ನು ನೋಡಿದ. "ತಾತಾ, ಆ ಮಾತು ನನ್ನ ಗಾಡಿಯಾಗ ಬ್ಯಾಡ. ಆಕಿ ಕುಂತಾಗ ಈ ಗಾಡಿ ಒಂದು ದಿನ ನಿಂತಿಲ್ಲ." ಧ್ವನಿ ಏರಲಿಲ್ಲ. ತಾತ ಮಫ್ಲರನ್ನು ಮೂಗಿನವರೆಗೆ ಎಳೆದುಕೊಂಡ.

ಹಾಗಿದ್ದರೂ ಮಾತು ಹರಡಿತು. ಅದಕ್ಕಿಂತ ದೊಡ್ಡದು ತಡವಾಗುವುದು. ಹೊತ್ತಿಗೆ ಸರಿಯಾಗಿ ಹೋಗದಿದ್ದರೆ ಆ ಯಂತ್ರವನ್ನು ಮುಂದಿನವರಿಗೆ ಕೊಡಲೇಬೇಕು. ಅವರೂ ಜೀವ ಕೈಯಲ್ಲಿ ಹಿಡಿದು ಬಂದವರೇ. ಒಂದು ದಿನ ಹಾಗೇ ಆಗಿ ಅವ್ವನದು ಅರ್ಧಕ್ಕೇ ನಿಂತಿತು. ನೀರು ಮೈಯಲ್ಲೇ ಉಳಿಯಿತು. ಆಮೇಲಿನ ಎರಡು ದಿನ ಅವಳು ಮಲಗಲಾರದೆ, ಗೋಡೆಗೆ ದಿಂಬು ಕೊಟ್ಟು ಕೂತೇ ಕಳೆದಳು. ಕಾಲು ಊದಿ ಚಪ್ಪಲಿ ಹಿಡಿಯುತ್ತಿರಲಿಲ್ಲ. ನೋಡಲು ಬಂದ ಮಾವ ಹೊಸ್ತಿಲ ಹೊರಗೇ ನಿಂತ. "ತಂಗಿ, ಇನ್ನ ನನ್ನ ನೆಚ್ಚಬ್ಯಾಡ್ರಿ. ಬ್ಯಾರೆ ಗಾಡಿ ನೋಡ್ಕೊಳ್ರಿ" ಅಂದ. ಅವ್ವ ಒಳಗಿನಿಂದಲೇ, ಒಂದೊಂದು ಮಾತಿಗೂ ಉಸಿರು ತೆಗೆದುಕೊಳ್ಳುತ್ತ, "ಬ್ಯಾರೆ ಗಾಡಿಯವ್ರು... ಕೈ ಚಾಲೂ ಐತೇನಂತ... ಕೇಳ್ತಾರೇನೋ ತಮ್ಮಾ?" ಅಂದಳು. ಮಾವ ತಲೆ ತಗ್ಗಿಸಿ ಹೋದ.

ಅದರ ಮರುದಿನದ್ದೇ ನಾನು ಮೊದಲು ಹೇಳಿದ ಬೆಳಿಗ್ಗೆ. ಮಾವನ ಮನೆಯ ಮುಂದೆ ಹೇಗೋ ತಳ್ಳಿಸಿಕೊಂಡು ಎದ್ದ ಗಾಡಿ, ತಾತನನ್ನು ಹತ್ತಿಸಿಕೊಂಡು ಬಂದು, ನಮ್ಮ ಓಣಿಯ ಏರಿನಲ್ಲಿ ಅವ್ವನನ್ನು ಹತ್ತಿಸುವಷ್ಟರಲ್ಲಿ ಕೆಮ್ಮಿ ನಿಂತುಬಿಟ್ಟಿತ್ತು. ಏರಿನಲ್ಲಿ ತಳ್ಳುವಂತಿಲ್ಲ. ಮಾವ ಫೋನ್ ಮಾಡಿದ ಸ್ವಲ್ಪ ಹೊತ್ತಿಗೆ ಭಾಯ್ ಬೈಕಿನಲ್ಲಿ ಬಂದ. ಅವನ ತಮ್ಮ ಅಂಗಡಿ ತೆರೆದು, ಚಾರ್ಜ್ ಆದ ಬ್ಯಾಟರಿಯನ್ನು ಆಟೋದಲ್ಲಿ ಹಾಕಿಕೊಂಡು ಬರಬೇಕಿತ್ತು.

"ಅವ್ನು ಬರೋತನ ನೋಡೇಬಿಡ್ತೀನಿ" ಎಂದು ಭಾಯ್ ಬಾನೆಟ್ ಎತ್ತಿದ. ಅವನ ಕೈಯಲ್ಲಿದ್ದದ್ದು ಎರಡು ವೈರು ಕಟ್ಟಿದ ಒಂದು ಬಲ್ಬು. ಬ್ಯಾಟರಿಯ ಒಂದು ಕಡೆಯ ಕೇಬಲ್ ಬಿಚ್ಚಿ, ಬಿಚ್ಚಿದ ಜಾಗಕ್ಕೂ ಕೇಬಲ್ಲಿಗೂ ನಡುವೆ ಆ ಬಲ್ಬನ್ನು ಸೇರಿಸಿದ. "ಎಲ್ಲಾ ಬಂದ್ ಐತಲ್ಲ? ಬಲ್ಬು ಉರಿಲಿಲ್ಲಂದ್ರ ಗಾಡಿ ಮಲ್ಗೈತಿ ಅಂತ ಅರ್ಥ. ಉರೀತಂದ್ರ, ಎಲ್ಲೋ ಒಂದು ಕಡಿ ಎಚ್ಚರೈತಿ."

ಬಲ್ಬು ಉರಿಯಿತು. ಇದ್ದಷ್ಟು ಕರೆಂಟಿನಲ್ಲೇ, ಬೂದಿಯೊಳಗಿನ ಕೆಂಡದಂತೆ ಕೆಂಪಗೆ.

ಭಾಯ್ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತ. ಹೆಡ್‌ಲೈಟಿಂದು, ಹಾರ್ನಿಂದು, ಒಳಗಿನ ದೀಪದ್ದು. ಒಂದೊಂದು ಕಿತ್ತಾಗಲೂ ಮಾವ ಬಲ್ಬಿನ ಕಡೆ ನೋಡುತ್ತಿದ್ದ. ಅದು ಆರಲಿಲ್ಲ. ಡೈನಮೋದ ವೈರು ಬಿಚ್ಚಿದರೂ ಆರಲಿಲ್ಲ. ತಾತ ಹಿಂದಿನ ಸೀಟಿನಲ್ಲಿ ಬಾಯೊಳಗೇ ಏನೋ ಜಪಿಸತೊಡಗಿದ.

"ಅಣ್ಣಾ, ಫ್ಯೂಸ್ ಬಿಟ್ಟು ನೇರ ಬ್ಯಾಟ್ರಿಯಿಂದ ಯಾವ್ದಾದ್ರೂ ವೈರ್ ಎಳ್ದೀಯೇನು?"

"ದೊಡ್ಡಮ್ಮನ ಫ್ಯಾನಿಂದು ಒಂದೈತಿ. ಅದು ಬಂದ್ ಐತಿ."

"ನೋಡ್ಲಾ?"

"ಬ್ಯಾಡ ಭಾಯ್. ಆಕಿ ಹೋದ ಮ್ಯಾಲ ಅದನ್ನ ಯಾರೂ ಮುಟ್ಟಿಲ್ಲ. ತಿರುಗಿದ್ರ ಊರಿಗೇ ಕೇಳತೈತಿ ಅದು."

ಭಾಯ್ ಬಾಗಿಲಿನಿಂದ ಒಳಗೆ ಇಣುಕಿದ. ಎಳೆದು ಹೊದಿಸಿದ ಕೌದಿ ಕಂಡಿತು. ಅದು ಯಾರದೆಂದು ಅವನಿಗೂ ಗೊತ್ತಿತ್ತು. "ಸರಿ ಬಿಡು" ಎಂದು ಮತ್ತೆ ಬಾನೆಟ್ಟಿನ ಕಡೆಗೆ ಹೋದ. ಅವನದು ತಪ್ಪೆನ್ನಲಾರೆ. ನಾನಾದರೂ ಮುಟ್ಟುತ್ತಿರಲಿಲ್ಲ.

ಇಷ್ಟರಲ್ಲಿ ಅವ್ವನಿಗೆ ಒರಗಿ ಕೂರಲೂ ಆಗದಾಯಿತು. ಉಸಿರು ಕಟ್ಟುವವರು ಮುಂದಕ್ಕೆ ಬಾಗಿ ಏನಾದರೊಂದಕ್ಕೆ ತಲೆ ಕೊಡಬೇಕು, ಅವಳ ಮುಂದೆ ಏನೂ ಇರಲಿಲ್ಲ. "ನನ್ನ ಆ ಕಿಟಕಿ ಕಡಿ ಕುಂದ್ರಿಸು" ಅಂದಳು. ನಾನು ಮಾವನ ಮುಖ ನೋಡಿದೆ. ಅವನ ಬಾಯಿಂದ "ಅಕ್ಕಾ, ಅಲ್ಲಿ..." ಎಂಬಷ್ಟು ಬಂತು, ಅಲ್ಲೇ ನಿಂತಿತು. ನಾನು ಅವ್ವನ ಕಂಕುಳಿಗೆ ಕೈ ಕೊಟ್ಟು ಸರಿಸಿ ದೊಡ್ಡಮ್ಮನ ಜಾಗದಲ್ಲಿ ಕೂರಿಸಿದೆ. ಅವಳು ಮುಂದಕ್ಕೆ ಬಾಗಿ ಕೌದಿಯ ಮೇಲೆ ಹಣೆ ಇಟ್ಟಳು.

ತಲೆ ಎತ್ತದೆಯೇ ಅಂದಳು: "ಇದು ಬೆಚ್ಚಗೈತಲ್ಲೋ ತಮ್ಮಾ. ಈಗಷ್ಟ ಯಾರೋ ಹೊದ್ದು ಎದ್ದು ಹೋದಂಗೈತಿ."

ಚಳಿಯ ಬೆಳಿಗ್ಗೆ ಅದು. ವ್ಯಾನಿನ ತಗಡು, ಸೀಟು, ಕಿಟಕಿಯ ಗಾಜು ಎಲ್ಲ ತಣ್ಣಗೆ ಕೊರೆಯುತ್ತಿದ್ದವು. ತಾತ "ರಾಮ ರಾಮಾ" ಎಂದು ಎರಡೂ ಕೈ ಜೋಡಿಸಿದ. ನಾನೂ ಸೀಟಿನ ತುದಿಗೆ ಸರಿದೆ, ಸುಳ್ಳೇಕೆ ಹೇಳಲಿ.

ಮಾವ ಬಾನೆಟ್ಟಿನ ಕಡೆಯಿಂದ ಸುತ್ತಿಕೊಂಡು ಬಂದ. ಬಾಗಿಲಲ್ಲಿ ಮಂಡಿಯೂರಿ, ಸುಟ್ಟ ಹಂಚಿನ ಬಣ್ಣದ ಆ ಬಲಗೈಯನ್ನು ಅವ್ವನ ಹಣೆಯ ಪಕ್ಕದಲ್ಲಿ ಕೌದಿಯ ಮೇಲೆ ಇಟ್ಟ. ನಮ್ಮವರು ತಮ್ಮ ತೋಳಿನ ನಡುಕ ನೋಡಿಕೊಳ್ಳುವಾಗ ಮಾಡುವಂತೆ ಅವನೂ ಕಣ್ಣು ಮುಚ್ಚಿದ. ಆಮೇಲೆ ಮೆಲ್ಲಗೆ, ತಾನೇ ಸಂದಿಗೆ ತುರುಕಿದ್ದ ಅಂಚನ್ನು ಬಿಡಿಸಿ ಕೌದಿ ಎತ್ತಿದ.

ಅಂಚು ತುರುಕುವಾಗ ಬಟ್ಟೆ ಒತ್ತಿ ಫ್ಯಾನಿನ ಸ್ವಿಚ್ಚು ಕೆಳಗಾಗಿ ಚಾಲೂ ಆಗಿತ್ತು. ಕೌದಿಯ ಹೊಲಿಗೆ ಬಿಚ್ಚಿದ ದಾರಗಳು ಜಾಲರಿಯ ಮುರುಕಿನಿಂದ ಒಳಗೆ ಹೋಗಿ ರೆಕ್ಕೆಗಳನ್ನು ಕಟ್ಟಿಹಾಕಿದ್ದವು. ಅಂದಿನಿಂದ ಆ ಪುಟ್ಟ ಫ್ಯಾನು ತಿರುಗಲಾರದೆ, ಸದ್ದು ಮಾಡಲಾರದೆ, ಒಳಗೇ ಬಿಸಿಯಾಗುತ್ತ ಬ್ಯಾಟರಿ ಕುಡಿಯುತ್ತ ಕೂತಿತ್ತು.

ಮಾವ ಸ್ವಿಚ್ಚು ಬಂದ್ ಮಾಡಿದ.

"ಆರ್ತು!" ಹೊರಗಿನಿಂದ ಭಾಯ್ ಕೂಗಿದ. "ಏನ್ ಮಾಡ್ದಿ ಅಣ್ಣಾ? ಬಲ್ಬು ಆರ್ತು ನೋಡು!"

ಮಾವ ರೆಕ್ಕೆಗೆ ಸುತ್ತಿಕೊಂಡ ದಾರಗಳನ್ನು ಹರಿಯದಂತೆ ಒಂದೊಂದಾಗಿ ಬಿಡಿಸುತ್ತಿದ್ದ. "ನಾನಽ ಹೊದಿಸಿದ್ದೆ" ಅಂದ, ಯಾರಿಗೆಂದಿಲ್ಲದೆ. "ನನ್ನ ಕೈಯಿಂದಽ. ಮಾತು ಆಕಿ ಮ್ಯಾಲ ಬಂತು."

ತಾತ ಕೌದಿಯ ಕಡೆಗೆ ಕೈಮುಗಿದು, "ತಪ್ಪಾಯ್ತು, ಕ್ಷಮಿಂಚಮ್ಮಾ" ಅಂದ. ಆ ಮೇಲೆ ಅವನು ಅಂಥ ಮಾತು ಆಡಿದ್ದನ್ನು ನಾನು ಕೇಳಿಲ್ಲ.

ಆಟೋ ಬಂತು, ಬ್ಯಾಟರಿ ಕೂತಿತು, ವ್ಯಾನು ಎದ್ದಿತು. ಅವತ್ತು ಮಾವ ಓಡಿಸಿದಂತೆ ಮತ್ತೆಂದೂ ಓಡಿಸಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಅವ್ವನನ್ನು ಗಾಲಿಕುರ್ಚಿಗೆ ಕಾಯದೆ ತೋಳಲ್ಲೇ ಎತ್ತಿಕೊಂಡು ಹೋದ. ಸಿಸ್ಟರ್ ಗಡಿಯಾರ ನೋಡಿದರು, ಅವ್ವನನ್ನು ನೋಡಿದರು, ಹಾಸಿಗೆ ಸರಿಮಾಡಿದರು. ಅವಳದು ಅವತ್ತು ಪೂರ್ತಿ ಆಯಿತು.

ಬರುವಾಗ ಅವ್ವನ ಹಲ್ಲು ಕಟಕಟ ಅನ್ನುತ್ತಿದ್ದವು. ಕುರುಗೋಡಿನ ಗುಡ್ಡದ ಕೆಳಗೆ ಮಾವ ಗಾಡಿ ನಿಲ್ಲಿಸಿದ. ಹಿಂದೆ ಬಂದು, ಕೌದಿ ತೆಗೆದು ಝಾಡಿಸಿ, ಅವ್ವನ ಕುತ್ತಿಗೆಯವರೆಗೆ ಹೊದಿಸಿದ.

"ದೊಡ್ಡಮ್ಮ ಹೊದ್ಕೊಳ್ಳಾಕ ಕೊಟ್ಟಿದ್ಳು ಅಕ್ಕಾ. ನಾ ಕಾಯ್ಕೊಂಡು ಕುಂತೆ" ಅಂದ. "ಇನ್ನ ಆ ಜಾಗಾನೂ ನಿಂದಽ. ಖಾಲಿ ಬಿಡಬ್ಯಾಡ."

ಭಾಯ್ ಫ್ಯಾನನ್ನು ಕಿತ್ತೇ ಹಾಕುತ್ತೇನೆ ಅಂದಿದ್ದ, ಮಾವ ಒಪ್ಪಲಿಲ್ಲ. "ಅದಿರ್ಲಿ. ಬ್ಯಾಟ್ರಿಗೇ ಒಂದು ಬಾಗಿಲು ಹಚ್ಚು" ಅಂದ. ಭಾಯ್ ಲಾರಿಗಳಿಗೆ ಹಾಕುವಂಥ ಒಂದು ಕಟಾಫ್ ಸ್ವಿಚ್ಚನ್ನು ಡ್ರೈವರ್ ಸೀಟಿನ ಕೆಳಗೆ ಕೂರಿಸಿದ. ಕೆಂಪು ಹಿಡಿಕೆಯದು. ಕೆಳಗೆ ಇಳಿಸಿದರೆ ಬ್ಯಾಟರಿಗೂ ಗಾಡಿಗೂ ಸಂಬಂಧವೇ ಕಡಿಯುತ್ತದೆ, ಯಾವುದೂ ಏನನ್ನೂ ಕುಡಿಯಲಾರದು. ಸಂಜೆ ಮನೆ ಮುಂದೆ ಗಾಡಿ ನಿಲ್ಲಿಸಿದ ಮೇಲೆ ಮಾವ ಬಗ್ಗಿ ಆ ಹಿಡಿಕೆ ಇಳಿಸಿ, "ಮಲ್ಕೊ ಇನ್ನ" ಎಂದು ಡ್ಯಾಶ್‌ಬೋರ್ಡನ್ನು ತಟ್ಟುತ್ತಿದ್ದನಂತೆ. ಅವನ ಹೆಂಡತಿ ಹೇಳಿ ನಗುತ್ತಿದ್ದಳು: "ನನಗೊಂದು ದಿನ ಹಂಗ ಹೇಳಿಲ್ಲ ನೋಡ್ರಿ."

ಅದಾದ ಮೇಲೆ ವರ್ಷಗಳು ಹೋದವು. ದೇಶನೂರಿನಿಂದ ಒಬ್ಬ ಹೆಣ್ಣುಮಗಳು ನಮ್ಮ ವ್ಯಾನಿಗೆ ಹೊಸದಾಗಿ ಸೇರಿದಳು. ಅವಳಿಗೆ ಹೆದರಿಕೆ ಬಹಳ. ಮೊದಲ ದಿನ ಮಾವ ಅವಳಿಗೆ ತೋಳಿನ ಮೇಲೆ ಅಂಗೈ ಇಡುವುದನ್ನು ಕಲಿಸಿದ. ಫ್ಯಾನು ಬೇಸಿಗೆಯಲ್ಲಿ ಕರ್ ಕರ್ ಎಂದು ಅವ್ವನ ಮುಖಕ್ಕೆ ಬೀಸುತ್ತಿತ್ತು. ಕೌದಿ ಯಾರಿಗೆ ಚಳಿಯೋ ಅವರ ಮೈಮೇಲೆ. ಅದನ್ನು ಒಗೆದು, ಬಿಚ್ಚಿದ ಅಂಚನ್ನು ನಾನೇ ಮತ್ತೆ ಹೊಲಿದೆ. ನಾನು ಅವನಿಗಾಗಿ ಮಾಡಿದ ಕೆಲಸವೆಂದರೆ ಅದೊಂದೇ. ಅವ್ವ ಇಂದಿಗೂ ನನ್ನ ಎದುರಿಗೆ ಕೂತು ರೊಟ್ಟಿ ಮುರಿಯುತ್ತಿದ್ದಾಳೆಂದರೆ ಡಾಕ್ಟರ ಜೊತೆಗೆ, ಸಿಸ್ಟರ ಜೊತೆಗೆ, ಆ ಬಿಸಿಲು ತಿಂದ ಬಲಗೈಯೂ ಕಾರಣ.

ಕಳೆದ ಬೇಸಿಗೆಯ ಒಂದು ಸಂಜೆ ಮಾವ ಎಲ್ಲರನ್ನೂ ಅವರವರ ಬಾಗಿಲಲ್ಲಿ ಇಳಿಸಿ ಮನೆಗೆ ಹೋದ. ಕೈಕಾಲು ತೊಳೆದು ಕಟ್ಟೆಯ ಮೇಲೆ ಕೂತವನು ಎದೆ ಹಿಡಿದುಕೊಂಡ. ಹೆಂಡತಿ ನೀರು ತಂದಳು. ಕುಡಿಯಲಿಲ್ಲ.

ಮರುದಿನ ಮಣ್ಣಿಗೆ ಹೋಗಿ ಬಂದೆವು. ಅವ್ವ ನಡೆಯಲಾರದವಳು, ಆದರೂ ಬಂದು, ದೂರದಲ್ಲಿ ಒಂದು ಕಲ್ಲಿನ ಮೇಲೆ ಕೂತಿದ್ದಳು.

ಅದರ ಮಾರನೆಯ ಬೆಳಿಗ್ಗೆ ನಮ್ಮ ಸರದಿ. ಗಾಡಿ ಬರುವುದಿಲ್ಲವೆಂದು ಆಟೋ ನೋಡಲು ಹೊರಟಿದ್ದೆ. ಅಷ್ಟರಲ್ಲಿ ಮಾವನ ಹೆಂಡತಿ ಫೋನ್ ಮಾಡಿದಳು. ದೇಶನೂರಿನಲ್ಲಿ ಟ್ರ್ಯಾಕ್ಟರ್ ಓಡಿಸುವ ಅವನ ತಮ್ಮ ವ್ಯಾನು ಓಡಿಸಲು ನಿಂತಿದ್ದಾನೆ, ಎಲ್ಲರೂ ಇಲ್ಲಿಗೇ ಬಂದುಬಿಡಿ ಅಂದಳು. ಹೋದೆವು. ಮಿಲ್ಲಿನ ತಾತ ಆಗಲೇ ಹಿಂದೆ ಕೂತಿದ್ದ. ದೇಶನೂರಿನ ಹೆಣ್ಣುಮಗಳನ್ನು ಅವನ ತಮ್ಮನೇ ಜೊತೆಗೆ ಕರೆತಂದಿದ್ದ. ಅವ್ವನನ್ನು ಅವಳ ಜಾಗದಲ್ಲಿ ಕೂರಿಸಿದೆ.

ಮಾವನ ತಮ್ಮ ಕೀ ತಿರುಗಿಸಿದ. ಏನೂ ಇಲ್ಲ. 'ಟಕ್' ಎಂಬ ಸದ್ದೂ ಇಲ್ಲ. ಮತ್ತೆ ತಿರುಗಿಸಿ, ಹಿಂದಕ್ಕೆ ನೋಡಿ, "ಬ್ಯಾಟ್ರಿ ಹೋಗೈತೇನ್ರಿ ಇದರದು?" ಅಂದ.

ಅವ್ವ ಕೌದಿಯ ಅಂಚನ್ನು ಬೆರಳಲ್ಲಿ ಹಿಡಿದುಕೊಂಡೇ ಅಂದಳು:

"ಹೋಗಿಲ್ಲಪ್ಪ. ನಿನ್ನ ಸೀಟಿನ ಕೆಳಗ ಕೆಂಪು ಹಿಡಿಕಿ ಐತಿ ನೋಡು. ಮೊನ್ನಿ ಸಂಜಿ ನಿಮ್ಮಣ್ಣ ಇಳಿಸಿ ಹೋಗ್ಯಾನ."

ಅವನು ಬಗ್ಗಿ ಕತ್ತಲಲ್ಲಿ ತಡವಿದ. ಹಿಡಿಕೆ ಸಿಕ್ಕಿತು. ಅಣ್ಣ ಇಳಿಸಿದ್ದನ್ನು ಎತ್ತುವಾಗ ಒಂದು ಗಳಿಗೆ ಅವನ ಕೈ ಅಲ್ಲೇ ನಿಂತಿತು. ಆಮೇಲೆ ಎತ್ತಿದ. ಡ್ಯಾಶ್‌ಬೋರ್ಡಿನ ದೀಪ ಬಂತು. ಅವನು ಕೀಗೆ ಕೈ ಹಾಕಿದ.

"ತಡಿ" ಅಂದಳು ಅವ್ವ. ಹಿಂದಕ್ಕೆ ತಿರುಗಿ ಒಬ್ಬೊಬ್ಬರನ್ನೇ ನೋಡಿ ಕೇಳಿದಳು:

"ಕೈ ಚಾಲೂ ಅದಾವೇನ್ರಿ ಎಲ್ಲಾರ್ದೂ?"

ತಾತ ತೋಳಿನ ಮೇಲೆ ಅಂಗೈ ಇಟ್ಟ. ದೇಶನೂರಿನ ಹೆಣ್ಣುಮಗಳು ಇಟ್ಟಳು. ಅವ್ವನೂ ಇಟ್ಟು ಕಣ್ಣು ಮುಚ್ಚಿದಳು.

"ಅದಾವು" ಅಂದ ತಾತ.

"ಹ್ಞೂಂ, ಈಗ ಹಚ್ಚಪ್ಪ" ಅಂದಳು ಅವ್ವ.

ಮೊದಲ ಸಲಕ್ಕೇ ಗಾಡಿ ಎದ್ದಿತು.